ಎಂಟುನೂರು ರೂಪಾಯಿ ಘಟ್ಟ ಇಳಿಯುವಾಗ

ಜುಲೈ ತಿಂಗಳು. ಉತ್ತರ ಕನ್ನಡದ ಅಣಶಿಯಲ್ಲಿ ಮಳೆ ಹಿಡಿದರೆ ಬಿಡುವ ಮಾತಿಲ್ಲ. ಈ ಒಂದು ದಿನದ ಮಟ್ಟಿಗೆ ನೀವು ಇಪ್ಪತ್ತಾರು ವರ್ಷದ ಕುಣಬಿ ಹುಡುಗಿ. ಕಾಡಿನೊಳಗಿನ ಮನೆಯಿಂದ ಡಾಂಬರು ರಸ್ತೆಗೆ ಬರಬೇಕು. ಹುಟ್ಟಿದಾಗಿನಿಂದ ಎಡಗಾಲಿಗೆ ಬಲವಿಲ್ಲ. ಊರುಗೋಲು ಕೆಸರಿನಲ್ಲಿ ಗೇಣುದ್ದ ಹೂತುಹೋಗುತ್ತದೆ. ಕಿತ್ತು ಮುಂದಿಟ್ಟರೆ ಮತ್ತೆ ಹೂಳುತ್ತದೆ. ಹಿಂದಿನಿಂದ ಆಯಿ, ಅಂದರೆ ಅಮ್ಮ, ಕೊಡೆ ಹಿಡಿದಿದ್ದಾಳೆ. ಕೊಡೆ ನಿಮಗಿಂತ ಹೆಚ್ಚಾಗಿ ನೀವು ಎದೆಗವಚಿಕೊಂಡ ಪ್ಲಾಸ್ಟಿಕ್ ಚೀಲಕ್ಕೆ.

ಚೀಲದಲ್ಲಿ ಏನೇನಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲಿರಿ. ಅಂಗವೈಕಲ್ಯ ಶೇ 60 ಎಂದು ಬರೆದ ಯುಡಿಐಡಿ ಕಾರ್ಡು, ಅದಕ್ಕಾಗಿ ಕಾರವಾರಕ್ಕೆ ಅಲೆದದ್ದೆಷ್ಟೋ. ಆಧಾರ್, ಅಪ್ಪನ ಮನೆಯ ರೇಷನ್ ಕಾರ್ಡಿನ ಜೆರಾಕ್ಸ್, ಮಂಜೂರಾತಿ ಆದೇಶ, ಪಾಸ್‌ಬುಕ್. ಪಾಸ್‌ಬುಕ್ಕಿನ ಹಾಳೆಗಳು ತೇವಕ್ಕೆ ಅಂಟಿಕೊಂಡಿವೆ. ಬಿಡಿಸಿದರೆ ಒಂದರ ಕೆಳಗೊಂದು ಅದೇ ಅಂಕಿ: 800, 800. ನಡುವೆ ಎರಡು ತಿಂಗಳು ಖಾಲಿ, ಆಮೇಲೆ ಒಮ್ಮೆಲೇ 2,400. ಸರ್ಕಾರ ಇದನ್ನು ಅಂಗವಿಕಲರ ಮಾಸಾಶನ ಅನ್ನುತ್ತದೆ. ನಿಮ್ಮ ಕಡೆ ಎಲ್ಲರ ಬಾಯಲ್ಲೂ ಇದು ಪಗಾರ.

ಘಟ್ಟದ ಕೆಳಗೆ ಕದ್ರಾ ಕಡೆಯಿಂದ ಸಂಬಂಧ ಬಂದಿದೆ. ಹುಡುಗ ಕೂಲಿಯವನು. ನೋಡಿದ್ದೀರಿ, ಒಪ್ಪಿದ್ದೀರಿ. ನಿನ್ನೆ ರಾತ್ರಿ ಗಂಜಿ ಬಡಿಸುತ್ತ ಆಯಿ ಕೇಳಿದ್ದು ಒಂದೇ ಮಾತು: "ಲಗ್ನ ಆದ್ಮೇಲೆ ಪಗಾರ ನಿಲ್ತದೋ ಏನೋ?"

ಬಸ್ಸು ಬರುತ್ತದೆ. ಕಂಡಕ್ಟರ್ ಕೈಕೊಟ್ಟು ಹತ್ತಿಸಿಕೊಳ್ಳುತ್ತಾನೆ. ಕುಂಬಾರವಾಡಾ ದಾಟಿ ಜೋಯಿಡಾ ತಲುಪುವವರೆಗೂ ಕಿಟಕಿಯಾಚೆ ಕಾಡು, ಒಳಗೆ ಆಯಿಯ ಪ್ರಶ್ನೆ.

ತಾಲೂಕು ಕಚೇರಿಯ ಪಡಸಾಲೆಯಲ್ಲಿ ಸಾಲು. ನಿಮ್ಮ ಸರದಿ.

"ಸಾಹೇಬ್ರೆ, ನಂಗೆ ಲಗ್ನ ಆಗ್ತದೆ. ಪಗಾರ ನಿಲ್ತದಾ?"

ಸಾಹೇಬರು ಚಷ್ಮಾ ಮೇಲೆತ್ತಿ ನೋಡುತ್ತಾರೆ. "ಲಗ್ನ ಆದ್ರೆ ಕಾಲು ಸರಿ ಆಗ್ತದಾ ತಂಗಿ? ಲಗ್ನಕ್ಕೆ ಇದು ನಿಲ್ಲೂದಿಲ್ಲ." ಆಯಿ ಉಸಿರು ಬಿಡುವಷ್ಟರಲ್ಲಿ ಮುಂದಿನ ಮಾತು ಬರುತ್ತದೆ. "ಹುಡುಗಂದು ಉತ್ಪನ್ನ ಎಷ್ಟು?"

ಕೂಡಿಬಾಳುವುದರ ಬೆಲೆ ಈ ಪ್ರಶ್ನೆಯಲ್ಲಿದೆ. ಪಗಾರ ಸಿಗಲು ಕುಟುಂಬದ ವಾರ್ಷಿಕ ಆದಾಯ 32,000 ರೂಪಾಯಿ ಮೀರಬಾರದು. ಇವತ್ತಿನವರೆಗೆ ಕುಟುಂಬ ಅಂದರೆ ಅಪ್ಪ, ಆಯಿ, ಒಂದಿಷ್ಟು ಗದ್ದೆ, ಹಿತ್ತಲಿನ ಗೆಡ್ಡೆಗೆಣಸು. ತಾಳಿ ಕಟ್ಟಿದ ದಿನದಿಂದ ಕುಟುಂಬ ಅಂದರೆ ಗಂಡ. ಬೆಂಚಿನ ಮೇಲೆ ಕೂತು ಬೆರಳು ಮಡಚಿ ಲೆಕ್ಕ ಹಾಕಿ. 2024-25ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಆ ದರದಲ್ಲಿ ನೂರು ದಿನ ಪೂರ್ತಿ ದುಡಿದರೆ 34,900. ಅಂದರೆ ಬಡವರಿಗೆಂದೇ ಸರ್ಕಾರ ಕೊಡುವ ಕೆಲಸವನ್ನು ನಿಮ್ಮ ಗಂಡ ಒಂದು ದಿನವೂ ತಪ್ಪಿಸದೆ ಮಾಡಿದರೆ, ಅದೇ ಸರ್ಕಾರದ ಪುಸ್ತಕದಲ್ಲಿ ನೀವು ಪಗಾರಕ್ಕೆ ಯೋಗ್ಯರಲ್ಲ. ಈ ಲೆಕ್ಕ ಯಾರಿಗೆ ನ್ಯಾಯ ಅನ್ನಿಸುತ್ತದೋ ನನಗೆ ತಿಳಿಯದು.

ನಿಮ್ಮ ಹಿಂದೆ ನಿಂತಿರುವ ಹೆಂಗಸಿಗೆ ಇಷ್ಟೂ ಅವಕಾಶವಿಲ್ಲ. ಆಕೆಯದು ವಿಧವಾ ವೇತನ. ಮರುಮದುವೆಯಾದರೆ ನಿಂತೇ ಹೋಗುತ್ತದೆ. ನಲವತ್ತು ದಾಟಿದ ಅವಿವಾಹಿತೆಯರು, ವಿಚ್ಛೇದಿತೆಯರಿಗಾಗಿ ಇರುವ ಮನಸ್ವಿನಿಯೂ ಹಾಗೇ. ಆ ಎರಡರಲ್ಲಿ ಒಂಟಿತನಕ್ಕೇ ಹಣ ಎಂದಾದರೂ ಹೇಳಬಹುದು. ನಿಮ್ಮದು ಕಾಲಿಗೆ ಬಂದ ಹಣ, ಕಾಲು ನಿಮ್ಮ ಜೊತೆಯೇ ಕದ್ರಾಕ್ಕೆ ಇಳಿಯುತ್ತದೆ.

ಗೋಡೆಗೆ ಅಂಟಿಸಿದ ಹಳೇ ಪೋಸ್ಟರ್ ಓದುತ್ತೀರಿ. ಸಾಮಾನ್ಯ ವ್ಯಕ್ತಿ ವಿಕಲಚೇತನರನ್ನು ಮದುವೆಯಾದರೆ ಇಲಾಖೆಯಿಂದ 50,000 ರೂಪಾಯಿ ಪ್ರೋತ್ಸಾಹಧನ. ಒಳ್ಳೆಯದೇ. ಆದರೆ ಒಂದು ಇಲಾಖೆ ಮದುವೆಗೆ ಹಣ ಕೊಡುವಾಗ, ಇನ್ನೊಂದು ಇಲಾಖೆ ಗಂಡನ ಕೂಲಿ ಎಣಿಸಲು ಕೂರುತ್ತದೆ. ತಿಂಗಳಿಗೆ 800 ಅಂದರೆ ವರ್ಷಕ್ಕೆ 9,600. ಪಗಾರ ತಪ್ಪಿದರೆ ಆರು ವರ್ಷ ತುಂಬುವುದರೊಳಗೆ ಆ ಐವತ್ತು ಸಾವಿರವೂ ಕರಗಿದ ಹಾಗೆ.

ಶ್ರೀಮಂತ ದೇಶಗಳಲ್ಲೂ ಈ ಸಂಕಟವಿದೆ. ಅಮೆರಿಕದಲ್ಲಿ ಬಡ ಅಂಗವಿಕಲರಿಗೆ ಕೊಡುವ ಎಸ್‌ಎಸ್‌ಐ ನೆರವು ಪಡೆಯುವವರು 2,000 ಡಾಲರ್‌ಗಿಂತ ಹೆಚ್ಚು ಕೂಡಿಡುವಂತಿಲ್ಲ. ಅಂಥ ಇಬ್ಬರು ಮದುವೆಯಾದರೆ ಮಿತಿ 4,000 ಅಲ್ಲ, 3,000. 1989ರಿಂದ ಇದು ಬದಲಾಗಿಲ್ಲ. ಅದಕ್ಕೇ ಅಲ್ಲಿ ಪ್ರೀತಿಸಿಯೂ ಮದುವೆಯಾಗದೆ ಉಳಿದ ಜೋಡಿಗಳಿವೆ.

ನಮ್ಮಲ್ಲಿ ಕಾನೂನಿಗೇನೂ ಕೊರತೆಯಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 24ನೇ ಕಲಂ, ಅಂಗವಿಕಲರಿಗೆ ಕೊಡುವ ನೆರವು ಇತರರಿಗಿರುವ ಅಂಥದೇ ಯೋಜನೆಗಿಂತ ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕು ಎನ್ನುತ್ತದೆ. ಹಿರಿಯರ ಸಂಧ್ಯಾ ಸುರಕ್ಷಾ 1,200 ರೂಪಾಯಿ. ನಿಮ್ಮ ಪಾಸ್‌ಬುಕ್ಕಿನಲ್ಲಿ 800.

ಸಾಹೇಬರು ಕಾಗದ ವಾಪಸು ಕೊಡುತ್ತ ಹೇಳುತ್ತಾರೆ: "ಕದ್ರಾ ಅಂದ್ರೆ ಕಾರವಾರ ತಾಲೂಕು. ಲಗ್ನ ಆದಕೂಡ್ಲೇ ಆಧಾರ್ ವಿಳಾಸ ಬದಲ್ಸು, ಗಂಡನ ಮನೆ ರೇಷನ್ ಕಾರ್ಡಿಗೆ ಹೆಸರು ಸೇರ್ಸು, ಇಲ್ಲಿಂದ ಅಲ್ಲಿಗೆ ವರ್ಗ ಮಾಡ್ಸು. ಇಲ್ಲಾಂದ್ರೆ ಪರಿಶೀಲನೆಗೆ ಬಂದವ್ರಿಗೆ ನೀ ಮನೇಲಿ ಸಿಗೂದಿಲ್ಲ, ಪಗಾರ ಅಲ್ಲೇ ನಿಲ್ತದೆ."

ಆಯಿಗೆ ಕನ್ನಡ ಪೂರ್ತಿ ತಿಳಿಯದು. ಬಸ್ಸಿನಲ್ಲಿ ಕೊಂಕಣಿಯಲ್ಲಿ ಬಿಡಿಸಿ ಹೇಳುತ್ತೀರಿ. ಆಕೆ ಕೇಳಿಸಿಕೊಂಡು, ಆ ಮನೆಯ ರೇಷನ್ ಕಾರ್ಡಿನ ಯಜಮಾನಿ ಯಾರು ಎನ್ನುತ್ತಾಳೆ. ಅತ್ತೆ. ಹಾಗಾದರೆ ಗೃಹಲಕ್ಷ್ಮಿಯ 2,000 ಅತ್ತೆಗೆ. ಈ ಎಂಟುನೂರು ಬಿಟ್ಟರೆ ಆ ಮನೆಯಲ್ಲಿ ನಿಮ್ಮ ಹೆಸರಿಗೆ ಬರುವ ದುಡ್ಡು ಬೇರೆ ಇಲ್ಲ. ಔಷಧಿಗೆ, ಬಸ್ ಚಾರ್ಜಿಗೆ, ಆಯಿಯನ್ನು ನೋಡಲು ಘಟ್ಟ ಹತ್ತುವುದಕ್ಕೆ ಗಂಡನ ಮುಂದೆ ಕೈಚಾಚದೆ ಇರಲು ಇದೇ ಆಸರೆ. ಆಯಿ ಚೀಲವನ್ನು ಸೆರಗಿನಡಿ ಸರಿಸಿಕೊಳ್ಳುತ್ತಾಳೆ.

ಅಣಶಿ ಬಂತು, ಇಳಿಯಿರಿ. ಇನ್ನು ಈ ಹುಡುಗಿಯ ಪರವಾಗಿ ನಾನೇ ಕೇಳುತ್ತೇನೆ. ಪಿಂಚಣಿಯ ನಿಯಮ ಬರೆಯುವವರು ಕುಟುಂಬದ ಆದಾಯ ಎಂಬ ಕಡೆ ಅಂಗವಿಕಲರ ಸ್ವಂತ ಆದಾಯ ಎಂದು ತಿದ್ದಲಿ. ಅಲ್ಲಿಯವರೆಗೆ, ನಿಮ್ಮ ಬಳಗದಲ್ಲಿ ಇಂಥದೊಂದು ಮದುವೆ ನಡೆದರೆ, ಉಡುಗೊರೆ ಕೊಟ್ಟು ಊಟ ಮಾಡಿ ಬರುವ ಮೊದಲು ಪಗಾರದ ಕಡತ ವರ್ಗವಾಯಿತೇ ಎಂದು ವಿಚಾರಿಸಿ. ಆಗಿಲ್ಲವಾದರೆ ಒಂದು ದಿನ ಬಿಡುವು ಮಾಡಿಕೊಂಡು ಅವಳ ಜೊತೆ ಕಚೇರಿಗೆ ಹೋಗಿ ಬನ್ನಿ.