ಅಂಪೈರ್ ಬೇಕಾಗಿದ್ದಾರೆ

ಪೀಣ್ಯ ಎರಡನೇ ಹಂತದಲ್ಲಿ ಯಾವ ಕ್ರಾಸಿಗೆ ತಿರುಗಿದರೂ ಯಾವುದಾದರೂ ಶೆಡ್ಡಿನ ಗೇಟಿಗೆ ಒಂದು ತಗಡಿನ ಬೋರ್ಡು ತೂಗುತ್ತಿರುತ್ತದೆ: ‘ಬೇಕಾಗಿದ್ದಾರೆ’. ಅದರ ಕೆಳಗೆ ಸೀಮೆಸುಣ್ಣದಲ್ಲಿ ಆ ವಾರದ ಗರಜು. ಟರ್ನರ್, ಸಿಎನ್‌ಸಿ ಆಪರೇಟರ್, ಹೆಲ್ಪರ್. ಅನುಭವ ಇದ್ದವರಿಗೆ ಆದ್ಯತೆ. ಅಂಥದೊಂದು ಬೋರ್ಡು ನೋಡಿಯೇ ಒಳಗೆ ಬಂದವನು ನಾನು. ಇಪ್ಪತ್ತೆರಡು ವರ್ಷದಿಂದ ಇನ್ಸ್‌ಪೆಕ್ಷನ್ ಟೇಬಲ್ಲಿನ ಹಿಂದೆ ಕೂತಿದ್ದೇನೆ. ಸಂಬಳದ ಚೀಟಿಯಲ್ಲಿ ನನ್ನ ಹುದ್ದೆ ಕ್ಯುಸಿ. ಹುಡುಗರ ಬಾಯಲ್ಲಿ ಅಂಪೈರ್ ಸಾರ್.

ಕೆಲಸ ಏನು ಅಂತ ಕೇಳಿದರೆ ಎರಡು ಮಾತಿನಲ್ಲಿ ಹೇಳಬಹುದು. 25 ಮಿಲಿಮೀಟರ್ ತೂತಿನ ಒಂದು ಬುಷ್ ಬರುತ್ತದೆ ಅನ್ನಿ. ಡ್ರಾಯಿಂಗಿನಲ್ಲಿ ಎಚ್7 ಎಂದು ಬರೆದಿದ್ದರೆ ಆ ತೂತು 25ಕ್ಕಿಂತ ಒಂದು ಕೂದಲೂ ಕಡಿಮೆ ಇರಬಾರದು, ಹೆಚ್ಚಾದರೆ 21 ಮೈಕ್ರಾನಿನ ತನಕ ಮಾಫಿ. ಅದಕ್ಕೆ ಒಂದು ಪ್ಲಗ್ ಗೇಜ್ ಇದೆ. ಒಂದು ತುದಿ ‘ಗೋ’, ಅದು ಸಲೀಸಾಗಿ ಒಳಗೆ ಇಳಿಯಬೇಕು. ಇನ್ನೊಂದು ತುದಿ ‘ನೋ-ಗೋ’, ಕೆಂಪು ಬಳಿದಿರುತ್ತದೆ, ಅದು ಇಳಿಯಬಾರದು. ಇಳಿದರೆ ಪೀಸು ಕೆಂಪು ಬಿನ್ನಿಗೆ. ಓನರ್ ಭಾವಮೈದುನನೇ ಮಾಡಿದ ಪೀಸಾದರೂ ಅಷ್ಟೆ.

ಇಷ್ಟು ಕಟ್ಟುನಿಟ್ಟಿನ ಮನುಷ್ಯ 2023ರ ಮಾರ್ಚ್ 3ರ ಶುಕ್ರವಾರ ಶಿಫ್ಟು ಮುಗಿಸಿ ಮೆಟ್ರೋ ಹತ್ತಿದೆ. ಮೆಜೆಸ್ಟಿಕ್ಕಿನಲ್ಲಿ ಹಸಿರಿನಿಂದ ನೇರಳೆಗೆ ಬದಲಾಯಿಸಿ, ಕಬ್ಬನ್ ಪಾರ್ಕಿನಲ್ಲಿ ಇಳಿದು, ಕಂಠೀರವ ಕ್ರೀಡಾಂಗಣದ ಗ್ಯಾಲರಿಯಲ್ಲಿ ಕೂತೆ. ಐಎಸ್‌ಎಲ್ ನಾಕೌಟ್. ಬೆಂಗಳೂರು ಎಫ್‌ಸಿ, ಎದುರಿಗೆ ಕೇರಳ ಬ್ಲಾಸ್ಟರ್ಸ್. ಈ ಕಡೆ ವೆಸ್ಟ್ ಬ್ಲಾಕ್ ಬ್ಲೂಸ್ ಹುಡುಗರ ನೀಲಿ, ಆ ಕಡೆ ಮಂಜಪ್ಪಡದ ಹಳದಿ. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಸಮಯ ಶುರುವಾಗಿ ಆರೇಳು ನಿಮಿಷಕ್ಕೆ ಬಾಕ್ಸಿನ ಹೊರಗೆ ನಮಗೊಂದು ಫ್ರೀ ಕಿಕ್ ಸಿಕ್ಕಿತು. ಕೇರಳದ ಗೋಲಿ ಇನ್ನೂ ತನ್ನವರನ್ನು ಗೋಡೆಗೆ ನಿಲ್ಲಿಸುತ್ತಿದ್ದ. ಸುನಿಲ್ ಛೇತ್ರಿ ಚೆಂಡನ್ನು ಮೆತ್ತಗೆ ಎತ್ತಿ ಬಲೆಗೆ ಹಾಕಿಬಿಟ್ಟರು. ರೆಫ್ರಿ ಕ್ರಿಸ್ಟಲ್ ಜಾನ್ ಗೋಲು ಕೊಟ್ಟರು. ಕೇರಳದ ಕೋಚ್ ಇವಾನ್ ವುಕೊಮಾನೊವಿಚ್ ತನ್ನ ಹುಡುಗರನ್ನೆಲ್ಲ ಮೈದಾನದಿಂದ ಹೊರಗೆ ಕರೆದುಕೊಂಡರು. ಅವರು ಮರಳಿ ಬರಲಿಲ್ಲ. ಗೆಲುವು ನಮ್ಮ ಲೆಕ್ಕಕ್ಕೆ ಬಂತು.

ಕಾಯಿದೆ ಏನು ಹೇಳುತ್ತದೆ ಎಂದರೆ, ಫ್ರೀ ಕಿಕ್ ಹೊಡೆಯುವವನಿಗೆ ಅವಸರವಿದ್ದರೆ ವಿಷಲ್‌ಗೆ ಕಾಯದೆ ಹೊಡೆಯಬಹುದು. ಗೋಡೆಯನ್ನು ಹಿಂದಕ್ಕೆ ಸರಿಸಿ ಅಂತ ಅವನೇ ಕೇಳಿ, ರೆಫ್ರಿ ಆಟ ತಡೆದು ಅಳತೆ ಮಾಡಲು ನಿಂತರೆ, ಆಮೇಲೆ ವಿಷಲ್ ಆಗಲೇಬೇಕು. ತನಗೆ ಗೋಡೆಯೂ ಬೇಡ ವಿಷಲ್ಲೂ ಬೇಡ ಎಂದು ಮೊದಲೇ ಹೇಳಿದ್ದೆ ಅಂತ ಛೇತ್ರಿ ಆಮೇಲೆ ವಿವರಿಸಿದರು. ಅಂದರೆ ಇಡೀ ಪಂದ್ಯ, ಅಷ್ಟು ಗದ್ದಲದ ನಡುವೆ ಇಬ್ಬರ ಮಧ್ಯೆ ಆದ ಒಂದು ಪಿಸುಮಾತಿನ ಮೇಲೆ ನಿಂತಿತ್ತು. ಅದನ್ನು ಅಳೆಯುವ ಗೇಜು ನನ್ನ ಟೇಬಲ್ಲಿನಲ್ಲಿಲ್ಲ. ಆದರೆ ಆ ಹೊತ್ತಿಗೆ ಗೇಜು ಯಾರಿಗೆ ಬೇಕಿತ್ತು? ಪಕ್ಕದಲ್ಲಿದ್ದ ಗುರುತಿಲ್ಲದವನನ್ನು ತಬ್ಬಿಕೊಂಡು ಕುಣಿದೆ.

ಮರುದಿನ ಬೆಳಿಗ್ಗೆ ಟೀಗೆ ಹೋದೆ. ನಮ್ಮ ಕ್ರಾಸಿನ ಟೀ ಅಂಗಡಿ ತ್ರಿಶೂರಿನ ಚೇಟನದು. ಜಾಲಹಳ್ಳಿಯ ಅಯ್ಯಪ್ಪನಿಗೆ ಕೈಮುಗಿದು ಬಂದು ಐದೂವರೆಗೆ ಸ್ಟವ್ ಹಚ್ಚುವ ಮನುಷ್ಯ. ಆವತ್ತು ಗ್ಲಾಸನ್ನು ಕೊಡುವ ಬದಲು ಕುಕ್ಕಿದ.

“ಮೋಸ ಸಾರ್ ಅದು. ವಿಷಲ್ ಆಗಿಲ್ಲ.”

“ರೆಫ್ರಿ ಗೋಲು ಅಂದ ಮೇಲೆ ಗೋಲು ಚೇಟಾ. ಮುಗೀತು.”

“ನೀವು ಕ್ಯುಸಿಯಲ್ಲಿ ಇರೋರು. ನೀವೇ ಹೇಳಿ, ಅದು ಪಾಸ್ ಆಗೋ ಪೀಸಾ?”

ನಾನು ಪಳಂಪೊರಿಯ ಬಿಸಿಗೆ ಬಾಯಿ ಸುಟ್ಟುಕೊಂಡವನ ಹಾಗೆ ನಟಿಸಿ ಸುಮ್ಮನಾದೆ. ತಿಂಗಳ ಕೊನೆಗೆ ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ನಿನ ಶಿಸ್ತು ಸಮಿತಿ ಬ್ಲಾಸ್ಟರ್ಸಿಗೆ 4 ಕೋಟಿ ರೂಪಾಯಿ ದಂಡ ಹಾಕಿತು. ಕೋಚಿಗೆ 10 ಪಂದ್ಯದ ನಿಷೇಧ, ಜೊತೆಗೆ 5 ಲಕ್ಷ ದಂಡ. ಮೈದಾನ ಬಿಟ್ಟು ಹೊರಟರೆ ಏನಾಗುತ್ತದೆ ಅನ್ನುವುದಕ್ಕೆ ರೇಟು ಕಾರ್ಡು ಸಿಕ್ಕ ಹಾಗಾಯಿತು.

ಆದರೆ ಅಷ್ಟರೊಳಗೆ ನನ್ನ ಸರದಿಯೂ ಬಂದಿತ್ತು. ಮಾರ್ಚ್ 18, ಶನಿವಾರ, ಗೋವಾದ ಫತೋರ್ಡಾದಲ್ಲಿ ಫೈನಲ್. ನಮ್ಮೆದುರಿಗೆ ಎಟಿಕೆ ಮೋಹನ್ ಬಾಗಾನ್. ಚೇಟನ ಅಂಗಡಿಯ ಬಿಸ್ಕತ್ತಿನ ಡಬ್ಬಿಗೆ ಮೊಬೈಲು ಒರಗಿಸಿಕೊಂಡು ಏಳೆಂಟು ಜನ ನೋಡುತ್ತಿದ್ದೆವು. 78ನೇ ನಿಮಿಷಕ್ಕೆ ರಾಯ್ ಕೃಷ್ಣ ಹೊಡೆದಾಗ 2-1 ನಮ್ಮದು. 85ಕ್ಕೆ ಬಾಕ್ಸಿನ ಅಂಚಿನಲ್ಲಿ ಒಂದು ತಾಕು, ಅವರಿಗೆ ಪೆನಾಲ್ಟಿ. ಆ ಫೌಲ್ ಗೆರೆಯ ಒಳಗೋ ಹೊರಗೋ ಅಂತ ಜಗಳ. ದಿಮಿತ್ರಿ ಪೆಟ್ರಾಟೋಸ್ ತಪ್ಪಿಸಲಿಲ್ಲ. 2-2. ಕೊನೆಗೆ ಟೈಬ್ರೇಕರಿನಲ್ಲಿ 4-3ಕ್ಕೆ ಸೋತೆವು. ಕ್ಲಬ್ಬಿನ ಒಡೆಯ ಪಾರ್ಥ್ ಜಿಂದಾಲರೇ ಲೀಗಿಗೆ ವಿಡಿಯೋ ರೆಫ್ರಿ ತನ್ನಿ ಎಂದು ಬಹಿರಂಗವಾಗಿ ಕೇಳಿದರು. ನಾನು ಅವರಿಗಿಂತ ಮೊದಲೇ ಕೇಳಿದ್ದೆ, ಸ್ವಲ್ಪ ಬೇರೆ ಭಾಷೆಯಲ್ಲಿ. ರೆಫ್ರಿಯ ಕಣ್ಣು, ಅವನ ಓದು, ಅವನ ಊರು, ಒಂದನ್ನೂ ಬಿಡಲಿಲ್ಲ. ಚೇಟ ಎಲ್ಲ ಕೇಳಿಸಿಕೊಂಡು, ಬೈಟು ಟೀ ಅಳೆದು ಸುರಿದು ಮುಂದಿಟ್ಟು ಹೇಳಿದ:

“ರೆಫ್ರಿ ಪೆನಾಲ್ಟಿ ಅಂದ ಮೇಲೆ ಪೆನಾಲ್ಟಿ ಸಾರ್. ಮುಗೀತು.”

ಹದಿನೈದು ದಿನ ಆ ವಾಕ್ಯವನ್ನು ಫ್ರಿಜ್ಜಿನಲ್ಲಿಟ್ಟು ಕಾದಿದ್ದ ಅನಿಸುತ್ತದೆ.

ಮೆಷಿನ್ನಿನಿಂದ ಆಗತಾನೆ ಇಳಿದ ಪೀಸನ್ನು ಅಳೆಯಬಾರದು ಅಂತ ಹೊಸ ಹುಡುಗರಿಗೆ ನಾನು ಮೊದಲ ದಿನವೇ ಹೇಳಿಕೊಡುತ್ತೇನೆ. ಉಕ್ಕಿನ ಬುಷ್ ಇಪ್ಪತ್ತು ಡಿಗ್ರಿ ಹೆಚ್ಚು ಬಿಸಿ ಇದ್ದರೆ 25 ಮಿಲಿಮೀಟರಿಗೆ ಸುಮಾರು 6 ಮೈಕ್ರಾನ್ ಹಿಗ್ಗಿರುತ್ತದೆ. ಸಣ್ಣದಾದ ತೂತೂ ಆಗ ಸರಿಯಾಗಿದೆ ಅಂತ ತೋರುತ್ತದೆ. ಗಾಳಿಗೆ ಇಡು, ಆರಲಿ, ಆಮೇಲೆ ತಾ ಎನ್ನುತ್ತೇನೆ. ಫತೋರ್ಡಾದ ಆ ಪೀಸು ಇನ್ನೂ ನನ್ನ ಕೈಯಲ್ಲಿ ಬಿಸಿಯಾಗಿಯೇ ಇದೆ. ಕಂಠೀರವದ್ದು ಅದೇ ರಾತ್ರಿ, ಮೆಟ್ರೋದಲ್ಲಿ ಗೊರಗುಂಟೆಪಾಳ್ಯ ದಾಟುವಷ್ಟರಲ್ಲಿ ಆರಿತ್ತು.

2019 ಅಂತೂ ಇಂಥ ಬಿಸಿ ಪೀಸುಗಳ ವರ್ಷ. ಜನವರಿಯಲ್ಲಿ ಚಿನ್ನಸ್ವಾಮಿಯಲ್ಲಿ ರಣಜಿ ಸೆಮಿಫೈನಲ್, ಕರ್ನಾಟಕಕ್ಕೆ ಸೌರಾಷ್ಟ್ರ ಎದುರು. ಚೇತೇಶ್ವರ ಪೂಜಾರರ ಬ್ಯಾಟಿಗೆ ಸವರಿ ಕೀಪರನ ಕೈಸೇರಿದ ಚೆಂಡು ರೀಪ್ಲೇಯಲ್ಲಿ ಕಂಡಿತು, ಅಂಪೈರಿಗೆ ಕಾಣಲಿಲ್ಲ. ಎರಡು ಇನಿಂಗ್ಸಿನಲ್ಲೂ ಅದೇ ಕಥೆ. ಎರಡನೆಯದರಲ್ಲಿ ಅವರು ಔಟಾಗದೆ 131 ಹೊಡೆದು 279ರ ಗುರಿ ಮುಟ್ಟಿಸಿಯೇ ಹೋದರು. ಗ್ಯಾಲರಿಯವರು ‘ಚೀಟರ್ ಚೀಟರ್’ ಎಂದು ಕೂಗಿದ್ದು ಪೇಪರಿನಲ್ಲೂ ಬಂತು. ಮಾರ್ಚ್ 28ಕ್ಕೆ ಅದೇ ಮೈದಾನದಲ್ಲಿ ಆರ್‌ಸಿಬಿಗೆ ಮುಂಬೈ ಎದುರು. ಕೊನೆಯ ಚೆಂಡಿಗೆ ಏಳು ರನ್ ಬೇಕು. ಲಸಿತ್ ಮಾಲಿಂಗರ ಕಾಲು ಗೆರೆ ದಾಟಿದ್ದು ದೊಡ್ಡ ಪರದೆಯಲ್ಲಿ ಮೈದಾನಕ್ಕೆಲ್ಲ ಕಂಡಿತು, ಆದರೆ ಅಷ್ಟರಲ್ಲಿ ಕೈಕುಲುಕುವುದು ಶುರುವಾಗಿತ್ತು. ಇದು ಐಪಿಎಲ್, ಕ್ಲಬ್ ಕ್ರಿಕೆಟ್ ಅಲ್ಲ ಅಂತ ವಿರಾಟ್ ಕೊಹ್ಲಿ ಸಿಟ್ಟಾದರು. (ಪೀಣ್ಯದ ಕ್ಲಬ್ಬುಗಳ ಪರವಾಗಿ ಇಲ್ಲೊಂದು ಆಕ್ಷೇಪಣೆ. ನಮ್ಮಲ್ಲಿ ಕೊನೆಯ ಚೆಂಡಿನ ನೋಬಾಲ್ ತಪ್ಪುವುದೇ ಇಲ್ಲ. ಕಾಲು ದಾಟದಿದ್ದರೂ ಕೊಡಿಸಿಕೊಳ್ಳುವ ಗಂಟಲುಗಳಿವೆ.) ಮೇ 4ರಂದು ಮತ್ತೆ ಅಲ್ಲೇ, ಉಮೇಶ್ ಯಾದವ್ ಕಾಲು ಗೆರೆಯೊಳಗೇ ಇದ್ದರೂ ಅಂಪೈರ್ ನೈಜಲ್ ಲಾಂಗ್ ನೋಬಾಲ್ ಅಂದರು. ವಾದ ಆಯಿತು. ಆ ಸಿಟ್ಟಿಗೆ ಲಾಂಗ್ ಅಂಪೈರ್ ಕೋಣೆಯ ಬಾಗಿಲಿಗೆ ಒದ್ದರಂತೆ, ರಿಪೇರಿಗೆ 5,000 ರೂಪಾಯಿ ಕಟ್ಟಿದರಂತೆ ಎಂದು ಸುದ್ದಿಯಾಯಿತು. ಈ ಮೂರನೆಯದು ಎಷ್ಟು ಜನಕ್ಕೆ ನೆನಪಿದೆ? ಆವತ್ತು ಆರ್‌ಸಿಬಿ ಗೆದ್ದಿತ್ತು.

ನನ್ನನ್ನು ಕೆಣಕುವುದು ತಪ್ಪಿಗಿಂತ ಅದಕ್ಕೆ ಚೀಟಿ ಇಲ್ಲದಿರುವುದು. ನಾನು ಒಂದು ಪೀಸನ್ನು ಕೆಂಪು ಬಿನ್ನಿಗೆ ಹಾಕಿದರೆ ರಿಜೆಕ್ಷನ್ ನೋಟ್ ಬರೆಯಬೇಕು. ಇರಬೇಕಾದದ್ದು ಇಷ್ಟು, ಇದ್ದದ್ದು ಇಷ್ಟು, ವ್ಯತ್ಯಾಸ ಇಷ್ಟು ಮೈಕ್ರಾನ್, ಸಹಿ, ತಾರೀಕು. ಆಪರೇಟರ್ ಅದನ್ನು ಹಿಡಿದುಕೊಂಡು ಓನರ್ ಹತ್ತಿರ ಜಗಳಕ್ಕೆ ಹೋಗಬಹುದು. ಅಂಪೈರ್ ಬೆರಳೆತ್ತುತ್ತಾನೆ, ರೆಫ್ರಿ ವಿಷಲ್ ಊದುತ್ತಾನೆ, ಅಷ್ಟೆ. ಗ್ಯಾಲರಿಯವರು ಐವತ್ತು ವರ್ಷ ಚೀಟಿಗಾಗಿಯೇ ಕೂಗಿದ್ದು. ಡಿಆರ್‌ಎಸ್, ವಿಎಆರ್ ಎಲ್ಲ ತಡವಾಗಿ ಬಂದ ರಿಜೆಕ್ಷನ್ ನೋಟುಗಳು. ಪೂಜಾರ ಗಲಾಟೆಯ ಮರುವರ್ಷ ರಣಜಿ ಸೆಮಿಫೈನಲ್‌ಗೆ ಅರ್ಧಂಬರ್ಧ ಡಿಆರ್‌ಎಸ್ ತಂದರು. ಕರ್ನಾಟಕ ಆ ಸೆಮಿಫೈನಲನ್ನೂ ಸೋತಿತು, ಬಂಗಾಳದ ಕೈಯಲ್ಲಿ, 174 ರನ್ನಿನಿಂದ. ಆ ಸೋಲಿಗೆ ಬೈಯಲು ಯಾರೂ ಸಿಗಲಿಲ್ಲ.

ಅಮೆರಿಕದಲ್ಲಿ ಓದುತ್ತಿರುವ ಅಕ್ಕನ ಮಗನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿಕೊಂಡೆ. “ಮಾಮ, ಇಲ್ಲಿಯ ಕಾಲೇಜು ಫುಟ್ಬಾಲ್ ಕಥೆ ಕೇಳಿ” ಅಂದ. ಅವರ ಫುಟ್ಬಾಲಿನಲ್ಲಿ ಚೆಂಡನ್ನು ಹತ್ತು ಗಜ ಮುಂದೆ ಒಯ್ಯಲು ನಾಲ್ಕು ಅವಕಾಶ. 1940ರ ನವೆಂಬರ್ 16ರಂದು ಡಾರ್ಟ್‌ಮತ್ ಕಾಲೇಜು 3-0 ಮುಂದಿತ್ತು. ರೆಫ್ರಿ ಲೆಕ್ಕ ತಪ್ಪಿ ಕಾರ್ನೆಲ್ ತಂಡಕ್ಕೆ ಐದನೇ ಅವಕಾಶ ಕೊಟ್ಟರು. ನಮ್ಮ ಕಡೆ ಓವರಿಗೆ ಏಳು ಬಾಲ್ ಹಾಕಿಸಿದ ಹಾಗೆ. ಕಾರ್ನೆಲ್ ಆ ಐದನೆಯದರಲ್ಲೇ ಹೊಡೆದು 7-3ಕ್ಕೆ ಗೆದ್ದಿತು. ಆಮೇಲೆ ಆಟದ ಫಿಲ್ಮು ತೊಳೆದು ನೋಡಿದರೆ ತಪ್ಪು ಎದ್ದು ಕಂಡಿತು. ಆ ತನಕ ಸೋಲೇ ಕಾಣದೆ ಬಂದಿದ್ದ ಕಾರ್ನೆಲ್ ಟೆಲಿಗ್ರಾಂ ಕಳಿಸಿ ಗೆಲುವನ್ನು ವಾಪಸ್ ಕೊಟ್ಟಿತು. ಪುಸ್ತಕದಲ್ಲಿ ಇವತ್ತಿಗೂ ಡಾರ್ಟ್‌ಮತ್ 3-0. ಅದೇ ತಪ್ಪು 1990ರಲ್ಲಿ ಮತ್ತೆ ಆಯಿತು. ಕೊಲರಾಡೊ ಐದನೇ ಅವಕಾಶದಲ್ಲಿ ಮಿಸ್ಸೂರಿಯನ್ನು 33-31ಕ್ಕೆ ಸೋಲಿಸಿತು, ಗೆಲುವನ್ನು ಜೇಬಿಗಿಳಿಸಿತು, ಆ ವರ್ಷದ ರಾಷ್ಟ್ರೀಯ ಪಟ್ಟದಲ್ಲೂ ಪಾಲು ಪಡೆಯಿತು.

ಚೇಟನಿಗೆ ಕಾರ್ನೆಲ್ ಕಥೆ ಹೇಳಿದೆ. ಕೊಲರಾಡೊದ್ದು ಹೇಳಲಿಲ್ಲ.

“ನಿಮ್ಮವರು ಹಾಗೆ ವಾಪಸ್ ಕೊಡ್ತಿದ್ರಾ ಸಾರ್?” ಅಂದ. “ಬಿಡಿ, ನೀವು ಕೊಡ್ತಿದ್ರಾ?”

ತಮಾಷೆಗೆ ಕೇಳಿದ್ದು. ನನಗೆ ಮಾತ್ರ ಟೀ ಗಂಟಲಲ್ಲಿ ನಿಂತಿತು. ಯಾಕೆಂದರೆ ವಾಪಸ್ ಕೊಡದೆ ಇಟ್ಟುಕೊಂಡದ್ದು ನನ್ನ ಹತ್ತಿರ ಒಂದಿತ್ತು.

ಯಾವ ಶೆಡ್ಡು, ಯಾವ ಗಿರಾಕಿ ಅಂತ ಬೇಡ. ಒಂದು ತಿಂಗಳ ಕೊನೆ. ತಿಂಗಳ ಕೊನೆ ಅಂದರೆ ಪೀಣ್ಯದಲ್ಲಿ ಕಾಯಿದೆ ಸ್ವಲ್ಪ ಸಡಿಲವಾಗುವ ಕಾಲ. ಐದನೇ ತಾರೀಕು ರಿಜೆಕ್ಟ್ ಆದ ಪೀಸು ಮೂವತ್ತಕ್ಕೆ ‘ಡೀವಿಯೇಷನ್’ ಎಂಬ ಹೆಸರಿನಲ್ಲಿ ಲಾರಿ ಹತ್ತುತ್ತದೆ. ಆವತ್ತು ಒಬ್ಬ ಆಪರೇಟರ್ ಹುಡುಗ ನಿಯಮದ ಪ್ರಕಾರ ಮೊದಲ ಪೀಸು ತಂದು ಟೇಬಲ್ಲಿನ ಮೇಲಿಟ್ಟ. ಗೋ ಇಳಿಯಿತು, ನೋ-ಗೋ ಇಳಿಯಲಿಲ್ಲ. ಓಕೆ ಅಂದೆ. ಅದನ್ನು ನಂಬಿ ಅವನು ನಾನೂರು ಪೀಸು ಹೊಡೆದ. ಎಂಟು ದಿನಕ್ಕೆ ಅಷ್ಟೂ ವಾಪಸ್ ಬಂತು, ಶಾಫ್ಟು ತೂರುತ್ತಿಲ್ಲ ಅಂತ. ಹುಡುಗನ ಆ ತಿಂಗಳ ಇನ್ಸೆಂಟಿವ್ ಹೋಯಿತು. ನನ್ನೆದುರಿಗೇ ಬೈಸಿಕೊಂಡ. ಅವನು ನನ್ನ ಕಡೆ ನೋಡಿದ, ನಾನು ರಿಜಿಸ್ಟರ್ ನೋಡಿದೆ.

ಗೇಜಿನಲ್ಲಿ ಸವೆಯುವುದು ಗೋ ತುದಿ. ದಿನಕ್ಕೆ ಸಾವಿರ ಪೀಸಿನೊಳಗೆ ಹೋಗಿ ಬರುವುದು ಅದೇ ತಾನೆ. ನೋ-ಗೋ ಎಲ್ಲಿಗೂ ಹೋಗುವುದಿಲ್ಲ, ಅದಕ್ಕೆ ಸವೆತ ಕಡಿಮೆ. ಸವೆದು ಸಣಕಲಾದ ಗೋ, ಕಿರಿದಾದ ತೂತಿಗೂ ಸಲೀಸಾಗಿ ಇಳಿದು ಪಾಸ್ ಮಾಡಿಬಿಡುತ್ತದೆ. ಆ ವಾರವೇ ಕ್ಯಾಲಿಬ್ರೇಷನ್ ರಿಪೋರ್ಟ್ ಬಂತು: ಗೋ 8 ಮೈಕ್ರಾನ್ ಸವೆದಿದೆ. ಮೂರು ಸಲ ಓದಿದೆ. ಫೈಲಿಗೆ ಹಾಕಿದೆ.

ಅದಾದ ಎರಡನೇ ಭಾನುವಾರ ಶೆಡ್ಡುಗಳ ಟೆನಿಸ್ ಬಾಲ್ ಟೂರ್ನಮೆಂಟಿನ ಮ್ಯಾಚು, ಹಿಂದಿನ ಖಾಲಿ ಸೈಟಿನಲ್ಲಿ. ಸಂಪಿನ ಗೋಡೆಗೆ ಬಡಿದರೆ ನಾಲ್ಕು, ಕಾಂಪೌಂಡ್ ದಾಟಿದರೆ ಔಟ್. ಬೇರೆ ದಿನ ಬ್ಯಾಟಿಂಗ್ ಮಾಡುವವರ ಪೈಕಿಯೇ ಒಬ್ಬ ಅಂಪೈರ್ ಆಗಿ ನಿಲ್ಲುವುದು ವಾಡಿಕೆ, ಅವನ ಕೈ ಯಾವತ್ತೂ ಮೇಲೇಳುವುದಿಲ್ಲ. ಟೂರ್ನಮೆಂಟು ಅಂತ ನನ್ನನ್ನು ನಿಲ್ಲಿಸಿದ್ದರು. ಕೊನೆಯ ಓವರಿಗೆ ಆರು ರನ್ ಬೇಕು. ಕ್ರೀಸಿನಲ್ಲಿ ಅದೇ ಹುಡುಗ. ಒಂದು ರನ್ನಿಗೆ ಓಡಿದ, ಅರ್ಧಕ್ಕೆ ಹಿಂದಿರುಗಿದ. ಸ್ಟಂಪ್ ಎಂದು ಇಟ್ಟಿದ್ದ ಪೇಂಟಿನ ಡಬ್ಬ ಉರುಳಿದಾಗ ಅವನ ಬ್ಯಾಟು ಗೆರೆಯಿಂದ ಒಂದು ಮೊಳ ಹಿಂದಿತ್ತು. ಮೈಕ್ರಾನಿನ ಮಾತೇ ಇಲ್ಲ, ಟೇಪು ಹಿಡಿದು ಅಳೆಯಬಹುದಿತ್ತು.

“ನಾಟೌಟ್” ಅಂದೆ.

ಎದುರಿನ ಹನ್ನೊಂದು ಜನ ಒಮ್ಮೆಲೇ ಮೇಲೆ ಬಿದ್ದರು. ನನ್ನ ಕಣ್ಣು, ನನ್ನ ಓದು, ನನ್ನ ಊರು, ಒಂದನ್ನೂ ಬಿಡಲಿಲ್ಲ. ಎಷ್ಟು ತಿಂದೆ ಅಂತ ಒಬ್ಬ ಕೇಳಿದ. ಹುಡುಗ ನನ್ನ ಮುಖವನ್ನು ಒಂದು ಗಳಿಗೆ ದಿಟ್ಟಿಸಿ, ಏನೂ ಅನ್ನದೆ ಮತ್ತೆ ಗಾರ್ಡು ತೆಗೆದುಕೊಂಡ. ಮುಂದಿನ ಎರಡು ಚೆಂಡೂ ಸಂಪಿನ ಗೋಡೆಗೆ ಬಡಿದವು.

ಅಂದಿನಿಂದ ನನ್ನನ್ನು ಕರೆಯುವುದಿಲ್ಲ. ಸ್ಕೋರು ಬರೆಯಲೂ ಕರೆಯುವುದಿಲ್ಲ. ಈ ಸಲದ ಟೂರ್ನಮೆಂಟು ಮುಂದಿನ ತಿಂಗಳಿದೆ, ಚೇಟನ ಅಂಗಡಿಯ ಗೋಡೆಗೆ ಬೋರ್ಡು ಬಿದ್ದಿದೆ: ಅಂಪೈರ್ ಬೇಕಾಗಿದ್ದಾರೆ. ಸಂಬಳವಿಲ್ಲ. ಎರಡು ಹೊತ್ತು ಟೀ, ಒಂದು ಎಗ್ ಪಫ್ಸ್. ಆಸಕ್ತಿ ಇದ್ದವರು ಬಂದು ಚೇಟನನ್ನು ಕೇಳಿ. ಅನುಭವ ಇದ್ದವರು ಬೇಡ ಎಂದು ಕೆಳಗೆ ಗೆರೆ ಎಳೆದು ಬರೆದಿದ್ದಾರೆ.