ಕೇಳಿದ್ದು ಬಹಳ, ನೋಡಿದ್ದು ಇಲ್ಲ

ಮೊನ್ನೆ ಎದುರುಮನೆ ಹುಡುಗಿ ಬೆಂಗಳೂರಿಗೆ ಹೋಗಿ ಯಾವುದೋ ದೊಡ್ಡ ಸಂಗೀತ ಕಾರ್ಯಕ್ರಮ ನೋಡ್ಕೊಂಡು ಬಂದಳು. ಗೇಟಲ್ಲಿ ಕೈಗೆ ಕಟ್ಟಿದ ಪಟ್ಟಿಯನ್ನ ಮೂರು ದಿನ ಆದ್ರೂ ಬಿಚ್ಚಿರಲಿಲ್ಲ. ಹೆಪ್ಪಿಗೆ ಮೊಸರು ಕೇಳಕ್ಕೆ ಬಂದವಳು ಅಡುಗೆಕಟ್ಟೆಗೆ ಒರಗಿ ನಿಂತು, "ಆಂಟಿ, ನೀವು ಯಾರ್ಯಾರನ್ನ ಎದುರಿಗೆ ಕೂತು ಕೇಳಿದೀರಿ?" ಅಂದಳು. ಹೆಸರು ಹೇಳೋಣ ಅಂತ ಬಾಯಿ ತೆಗೆದೆ. ಸಿ. ಅಶ್ವತ್ಥ್? ಇಲ್ಲ. ಮೈಸೂರು ಅನಂತಸ್ವಾಮಿ? ಇಲ್ಲ. ನಮ್ಮ ಊರಿನ ಹೆಸರನ್ನೇ ಹೆಸರಿಗೆ ಸೇರಿಸ್ಕೊಂಡ ಶಿವಮೊಗ್ಗ ಸುಬ್ಬಣ್ಣ? ಅವರೂ ಇಲ್ಲ! ಒಳಗೆ ಹೂವು ಕಟ್ಟುತ್ತಾ ಕೂತಿದ್ದ ಅತ್ತೆ, "ನನ್ನದೂ ಸೊನ್ನೆ ಅಂತ ಬರ್ಕೋ" ಅಂದ್ರು.

ಹಾಗಂತ ನಮಗೆ ಸಂಗೀತ ಗೊತ್ತಿಲ್ಲ ಅಂತ ಅಲ್ಲ ಮತ್ತೆ. ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲಿ. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ನಮ್ಮ ಕ್ವಾರ್ಟರ್ಸಿನ ದಿನ ಶುರುವಾಗ್ತಿದ್ದದ್ದು ಎರಡೇ ಸದ್ದಿನಿಂದ, ಒಂದು ಕಾರ್ಖಾನೆಯ ಸೈರನ್ನು, ಇನ್ನೊಂದು ಆಕಾಶವಾಣಿ ಭದ್ರಾವತಿ. 1965ರಲ್ಲಿ ಶುರುವಾದ ನಿಲಯ ಅದು. 675 ಕಿಲೋಹರ್ಟ್ಸ್ ಅಂತ ಹೇಳಿದ ಕೂಡಲೇ ಈಗಲೂ ನನಗೆ ಒಗ್ಗರಣೆ ವಾಸನೆ ಬರ್ತದೆ. ಹಾಡಿಗೆ ಮುಂಚೆ ಉದ್ಘೋಷಕರು ರಚನೆ ಯಾರು, ರಾಗಸಂಯೋಜನೆ ಯಾರು, ಹಾಡಿದವರು ಯಾರು ಅಂತ ಮೂರೂ ಹೆಸರು ಬಿಡಿಸಿ ಹೇಳ್ತಿದ್ದರು. ಅಮ್ಮ ಓದಿದ್ದು ಏಳನೇ ಕ್ಲಾಸು. ಆದ್ರೆ ಬೇಂದ್ರೆ ಯಾವುದು ಬರೆದರು, ಕೆ.ಎಸ್. ನರಸಿಂಹಸ್ವಾಮಿ ಯಾವುದು ಬರೆದರು ಅಂತ ಅಕ್ಕಿ ಆರಿಸ್ತಾನೇ ಹೇಳ್ತಿದ್ದಳು. ಪುಸ್ತಕ ಮುಟ್ಟದೆ ಕವಿಗಳ ಪರಿಚಯ ಆದದ್ದು ನಮ್ಮ ಮನೆ ಹೆಂಗಸರಿಗೆ ಹೀಗೆ.

ಧ್ವನಿ ಅಷ್ಟು ಪರಿಚಯ, ಮನುಷ್ಯ ಮಾತ್ರ ಅಪರಿಚಿತ. ಅವರು ಎತ್ತರವಾ, ಕುಳ್ಳಗಾ, ಹಾಡುವಾಗ ಕಣ್ಣು ಮುಚ್ಚುತ್ತಾರಾ, ಯಾವುದೂ ಗೊತ್ತಿಲ್ಲ. ಕ್ಯಾಸೆಟ್ಟಿನ ಮೇಲೆ ಅಂಚೆಚೀಟಿಯಷ್ಟು ಫೋಟೋ ಇರ್ತಿತ್ತು, ಅದೂ ಮಸುಕು.

ಯಾಕೆ ನೋಡಲಿಲ್ಲ ಅಂತ ಹುಡುಗಿ ಕೇಳಿದಳು. ದುಡ್ಡು ಇರಲಿಲ್ಲವಾ? ಮನೆಯಲ್ಲಿ ಬಿಡ್ತಿರಲಿಲ್ಲವಾ? ಎರಡೂ ಅಲ್ಲ ಮಾರಾಯ್ತಿ. ಎಷ್ಟೋ ಕಾರ್ಯಕ್ರಮಕ್ಕೆ ಟಿಕೇಟೇ ಇರ್ತಿರಲಿಲ್ಲ. ಬೇಡ ಅಂತ ಯಾರೂ ಬಾಯಿಬಿಟ್ಟು ಹೇಳಿದ್ದೂ ಇಲ್ಲ. ಕಾರಣ ಗಡಿಯಾರ. ಭಾವಗೀತೆ ಕಾರ್ಯಕ್ರಮ ಶುರುವಾಗೋದು ಸಂಜೆ ಆರೂವರೆಗೆ. ದೀಪ ಹಚ್ಚೋದು ಅದೇ ಹೊತ್ತಿಗೆ, ಹಾಲು ಕಾಯಿಸೋದು ಅದೇ ಹೊತ್ತಿಗೆ, ಮಕ್ಕಳನ್ನ ಪುಸ್ತಕದ ಮುಂದೆ ಕೂರಿಸೋದು, ರಾತ್ರಿಯ ಅನ್ನಕ್ಕೆ ಇಡೋದು, ಎಲ್ಲಾ ಆರೂವರೆಯಿಂದ ಒಂಬತ್ತರ ಒಳಗೇ. ಅಪ್ಪನಿಗೆ ಸೆಕೆಂಡ್ ಶಿಫ್ಟ್ ಇದ್ದ ವಾರ ಅಂತೂ ರಾತ್ರಿ ಹತ್ತರ ಮೇಲೆ ಬಂದವರಿಗೆ ಬಿಸಿ ಸಾರು ಬೇಕು. ಕಾರ್ಯಕ್ರಮ ಇಟ್ಟವರು ಗಂಡಸರ ಆಫೀಸು ಬಿಡೋ ಹೊತ್ತು ನೋಡಿ ಸಮಯ ಇಟ್ಟರು. ಅಡುಗೆಮನೆ ಬಿಡೋ ಹೊತ್ತು ಯಾವುದು ಅಂತ ಯಾರೂ ಕೇಳಲಿಲ್ಲ.

ನಾನು ಇದನ್ನ ಹೇಳ್ತಿದ್ದ ಹಾಗೇ ಅತ್ತೆ, "ಇರು ಇರು, ನನ್ನದು ಸೊನ್ನೆ ಅಲ್ಲ, ಒಂದು ಇದೆ" ಅಂದ್ರು. ಕಾಳಿಂಗ ನಾವಡರ ಭಾಗವತಿಕೆ ಕೇಳಿದ್ದಾರಂತೆ ಅವರು! ಸಾಲಿಗ್ರಾಮ ಮೇಳದ ಆಟ, ಅವರ ತವರಿನ ಕಡೆ, ತೀರ್ಥಹಳ್ಳಿ ಹತ್ರ. ಅದು ಹೇಗೆ ಸಾಧ್ಯ ಆಯ್ತು ಅಂತ ಯೋಚನೆ ಮಾಡಿದ್ರೆ ಉತ್ತರ ಮತ್ತೆ ಗಡಿಯಾರವೇ. ಆಟ ರಂಗೇರೋದು ಊಟ ಆದ ಮೇಲೆ. ಪಾತ್ರೆ ತೊಳೆದು, ಒಲೆ ಸಾರಿಸಿ, ಮಕ್ಕಳಿಗೆ ಹೊದಿಯಕ್ಕೆ ಕಂಬಳಿ ಹಿಡ್ಕೊಂಡು, ಹೆಂಗಸರು ಗಂಡಸರು ಎಲ್ಲಾ ಟಾರ್ಚು ಹಾಕ್ಕೊಂಡು ಹೋಗೋದು. ಬೆಳಗಿನ ಜಾವ ಬಂದು ನೇರ ಕೊಟ್ಟಿಗೆ ಕೆಲಸ. "ನಿದ್ದೆ ಕೆಡ್ತದೆ ಅಷ್ಟೆ, ಅಡುಗೆ ಕೆಡ್ತಿರಲಿಲ್ಲ" ಅಂದ್ರು ಅತ್ತೆ. ನಾವಡರು 1990ರಲ್ಲಿ ಬೈಕ್ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೆರಡೂ ತುಂಬಿರಲಿಲ್ಲ. ಎಷ್ಟೋ ಜನ ಅವರನ್ನ ಬರೀ ಕ್ಯಾಸೆಟ್ಟಿನಲ್ಲಿ ಬಲ್ಲವರು. ನಮ್ಮ ಅತ್ತೆ ಚೌಕಿ ಪಕ್ಕ ಚಾಪೆ ಹಾಕ್ಕೊಂಡು ಕೂತು ಕೇಳಿದವರು. ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದರೂ ನನಗೆ ಈ ಸುದ್ದಿ ಗೊತ್ತಾದದ್ದು ಮೊನ್ನೆ.

ಇನ್ನು ನನ್ನ ಲೆಕ್ಕ ಕೇಳಿ.

ಅನಂತಸ್ವಾಮಿ ಅವರು 1995ರ ಜನವರಿಯಲ್ಲಿ ಹೋದರು. ನಾನು ಮದುವೆಯಾಗಿ ವಿದ್ಯಾನಗರಕ್ಕೆ ಬಂದು ಆಗಿನ್ನೂ ವರ್ಷ ತುಂಬಿರಲಿಲ್ಲ, ಸೊಸೆ ಅಂದ್ರೆ ಎಂತ ಅಂತ ಕಲೀತಿದ್ದ ದಿನಗಳು. ನಿಸಾರ್ ಅಹಮದ್ ಅವರ ನಿತ್ಯೋತ್ಸವ ಕ್ಯಾಸೆಟ್ 1978ರದ್ದು, ಅದಕ್ಕೆ ಸಂಗೀತ ಇವರದ್ದು. ನಿಸಾರರು ಇದೇ ನಮ್ಮ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಮಾಡಿದವರು, ಆ ಕಾಲೇಜಿನ ಕಾಂಪೌಂಡಿನ ಪಕ್ಕವೇ ನಾನು ದಿನಾ ಸೊಪ್ಪು ತರಕ್ಕೆ ಹೋಗೋದು. ಕವಿ ಇಲ್ಲೇ ಓಡಾಡಿದರು, ರಾಗ ಹಾಕಿದವರು ಯಾವತ್ತಾದ್ರೂ ಈ ರಸ್ತೆಯಲ್ಲಿ ಹೋಗಿದ್ದಿರಬಹುದು, ನಾನು ಬರೋ ಹೊತ್ತಿಗೆ ಎಲ್ಲಾ ಮುಗಿದಿತ್ತು. 2022ರಲ್ಲಿ ಸರ್ಕಾರ ನಾಡಗೀತೆಯನ್ನ ಅನಂತಸ್ವಾಮಿಯವರ ಧಾಟಿಯಲ್ಲೇ, ಎರಡು ನಿಮಿಷ ಮೂವತ್ತು ಸೆಕೆಂಡಿನಲ್ಲಿ ಹಾಡಬೇಕು ಅಂತ ಮಾಡ್ತು. ಬೆಳಿಗ್ಗೆ ಪಕ್ಕದ ಶಾಲೆಯಿಂದ ಕೇಳಿಸ್ತದೆ. ಆ ಮಕ್ಕಳಿಗೆ ಇದು ಯಾರದೋ ಧಾಟಿ ಅಂತಲೇ ಗೊತ್ತಿಲ್ಲ, ಅವರಿಗದು ಬೆಳಗಿನ ಗಂಟೆ ಇದ್ದ ಹಾಗೆ.

ಅಶ್ವತ್ಥರದ್ದು ಇನ್ನೂ ಹೊಟ್ಟೆ ಉರಿಸೋ ಕಥೆ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ಆಯ್ತಲ್ಲ, ಅಕ್ಕ ಭಾವ ಆಗ ಬೆಂಗಳೂರಲ್ಲೇ ಇದ್ದರು, ಬಾ ಬಾ ಅಂತ ಎರಡು ಸಲ ಫೋನ್ ಮಾಡಿದರು. ಸೀರೆ ಕೂಡ ತೆಗೆದಿಟ್ಟಿದ್ದೆ. ಅಷ್ಟು ಹೊತ್ತಿಗೆ ಸಣ್ಣವನಿಗೆ ಅಮ್ಮ ಆಯ್ತು. ಬೇವಿನ ಸೊಪ್ಪು ಹಾಸಿ ಮಗುವನ್ನ ಮಲಗಿಸಿ ಪಕ್ಕದಲ್ಲಿ ಕೂತವಳು ಎಲ್ಲಿಗೆ ಹೋಗೋದು? ಮನೆಯಿಂದ ಆಚೆ ಹೋಗೋ ಹಾಗೇ ಇಲ್ಲ, ಒಗ್ಗರಣೆ ಕೂಡ ಹಾಕೋ ಹಾಗಿಲ್ಲ. ಆಮೇಲೆ ಟಿವಿಯಲ್ಲಿ ಬಂತು, ನೋಡಿದೆ. ಭಾವಗೀತೆ ಕೇಳಕ್ಕೆ ಅಷ್ಟು ಜನ ಸೇರ್ತಾರೆ ಅಂತ ಅದಕ್ಕೆ ಮುಂಚೆ ಯಾರಾದ್ರೂ ಹೇಳಿದ್ರೆ ನಾನು ನಂಬ್ತಿರಲಿಲ್ಲ. ಅಕ್ಕನ ದನಿ ಫೋನಿನಲ್ಲಿ ಎರಡು ದಿನ ಕೂತೇ ಹೋಗಿತ್ತು, ಅಷ್ಟು ಹಾಡಿದ್ದಳಂತೆ ಜನರ ಜೊತೆ.

ಅಶ್ವತ್ಥರು ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡ್ಕೊಂಡೇ ವರ್ಷಗಟ್ಟಲೆ ಹಾಡಿದವರು, ಸುಬ್ಬಣ್ಣ ವಕೀಲರು. ಡ್ಯೂಟಿ ಮುಗಿಸಿ, ಕೋರ್ಟು ಮುಗಿಸಿ, ಸಂಜೆ ಹಾಡಕ್ಕೆ ಹೋಗೋದು. ಕಾರ್ಖಾನೆ ಮನೆಯಿಂದ ಬಂದ ನನಗೆ ಇದು ಬಹಳ ದೊಡ್ಡದು ಅನ್ನಿಸ್ತದೆ. ಅವರು ಹಾಡ್ತಿದ್ದ ಆ ಸಂಜೆಗಳಲ್ಲಿ ಅವರ ಮನೆ ಒಲೆಯ ಮುಂದೆ ಯಾರಿದ್ದರೋ, ಆ ತಾಯಂದಿರಿಗೂ ಒಂದು ನಮಸ್ಕಾರ.

2009ರ ಡಿಸೆಂಬರ್ 29, ಅಶ್ವತ್ಥರ ಹುಟ್ಟಿದ ದಿನ. ಅವತ್ತೇ ಹೋದರು. ಮಾರನೇ ದಿನ ವಿಷ್ಣುವರ್ಧನ್. ನಿಮಗೆಲ್ಲ ನೆನಪಿರ್ತದೆ ಆ ಎರಡು ದಿನ. ಅಂಗಡಿ ಬಾಗಿಲು ಹಾಕಿದ್ದು, ಟಿವಿಯಲ್ಲಿ ಬರೀ ವಿಷ್ಣುವರ್ಧನ್ ಸಿನಿಮಾ. ಅಶ್ವತ್ಥರಿಗೆ ಅಳಕ್ಕೆ ನಮಗೆ ಒಂದೇ ದಿನ ಸಿಕ್ಕಿತು ಅಂತ ನಾನು ಆಗಲೇ ಯಜಮಾನರ ಹತ್ರ ಅಂದಿದ್ದೆ.

ಎಸ್. ಜಾನಕಿಯಮ್ಮ ತಮ್ಮ ಕೊನೆಯ ವೇದಿಕೆ ಕಾರ್ಯಕ್ರಮ ಅಂತ ಹೇಳಿ ಹಾಡಿದ್ದು ಮೈಸೂರಿನಲ್ಲಿ, ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ, 2017ರ ಅಕ್ಟೋಬರ್ 28ಕ್ಕೆ. ರೈಲು ಹತ್ತಿದ್ರೆ ಆಗಿತ್ತು. ಮಾರನೇ ದಿನ ಮಾವನವರ ತಿಥಿ. ಅದಕ್ಕೆ ಯಾರನ್ನ ಏನು ಅನ್ನೋದು? ವಡೆಗೆ ಉದ್ದು ನೆನೆಸಿಟ್ಟು, ರಾತ್ರಿ ಮಗಳು ಫೋನಿನಲ್ಲಿ ತೋರಿಸಿದ ತುಂಡು ತುಂಡು ವಿಡಿಯೋ ನೋಡಿ ಮಲಗಿದೆ.

ಆದ್ರೆ ಬೆಂಗಳೂರು, ಮೈಸೂರು ದೂರ ಅಂತ ಸಮಾಧಾನ ಹೇಳ್ಕೋಬಹುದು. ಹೊಸಹಳ್ಳಿ ಎಷ್ಟು ದೂರ ಹೇಳಿ? ಮತ್ತೂರು ಹೊಸಹಳ್ಳಿ ಅಂದ್ರೆ ಶಿವಮೊಗ್ಗದವರಿಗೆ ಪಕ್ಕದ ಬೀದಿ ಇದ್ದ ಹಾಗೆ, ಹತ್ತು ಕಿಲೋಮೀಟರಿನ ಒಳಗೆ. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರು ಕುಮಾರವ್ಯಾಸ ಭಾರತ ವಾಚನ ಮಾಡ್ತಿದ್ದದ್ದನ್ನ ಅತ್ತೆ ರೇಡಿಯೋದಲ್ಲಿ, ಆಮೇಲೆ ಸಿಡಿಯಲ್ಲಿ ಕೇಳಿದ್ದೇ ಕೇಳಿದ್ದು. ಗಮಕಕ್ಕೆ ತಬಲಾ ಬೇಡ, ತಾಳ ಬೇಡ. ಒಬ್ಬರು ಕಾವ್ಯವನ್ನ ರಾಗದಲ್ಲಿ ಓದ್ತಾರೆ, ಇನ್ನೊಬ್ಬರು ಅರ್ಥ ಬಿಡಿಸಿ ವ್ಯಾಖ್ಯಾನ ಹೇಳ್ತಾರೆ. ಶೃಂಗಾರಕ್ಕೆ ಒಂದು ರಾಗ, ಯುದ್ಧಕ್ಕೆ ಇನ್ನೊಂದು. ದ್ರೌಪದಿಯ ಮಾತು ಬಂದಾಗ ಆ ದನಿ ಬದಲಾಗೋದನ್ನ ಕೇಳ್ತಾ ಅತ್ತೆ ಸೆರಗಲ್ಲಿ ಕಣ್ಣು ಒರೆಸ್ಕೊಳ್ಳೋದನ್ನ ನಾನೇ ಎಷ್ಟು ಸಲ ನೋಡಿದೀನಿ. 2022ರ ಜನವರಿಯಲ್ಲಿ ಅವರಿಗೆ ಪದ್ಮಶ್ರೀ ಅಂತ ಪೇಪರಿನಲ್ಲಿ ಬಂತು. "ಒಂದ್ಸಲ ಹೋಗಿ ಕಾಲಿಗೆ ಬಿದ್ದು ಬರೋಣ, ಒಂದು ಪದ್ಯ ಹೇಳ್ತಾರೇನೋ" ಅಂದ್ರು ಅತ್ತೆ. ಅದೇ ತಿಂಗಳು ಕೊರೊನಾದ ಮೂರನೇ ಅಲೆ. ವಯಸ್ಸಾದವರ ಮನೆಗೆ ಹೋಗೋದು ಬೇಡ ಅಂತ ನಿಲ್ಲಿಸಿದ್ವಿ. ಬೇಸಿಗೆಯಲ್ಲಿ ಅತ್ತೆಯ ಮಂಡಿ ಊದಿತು. ಮಳೆಗಾಲ ನಿಮಗೇ ಗೊತ್ತು. ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಆ ಮಳೆಗಾಲದಲ್ಲೇ, ಆಗಸ್ಟಿನಲ್ಲಿ, ಸುಬ್ಬಣ್ಣ ಹೋಗಿದ್ದರು. ನೂಲ ಹುಣ್ಣಿಮೆಯ ಹೊತ್ತು. ಬೆಳಿಗ್ಗೆ ಟಿವಿ ಹಾಕಿದ್ರೆ ಅವರ ಮುಖ. 'ಕಾಡು ಕುದುರೆ' ಸಿನಿಮಾದ ಹಾಡಿಗೆ ರಾಷ್ಟ್ರಪ್ರಶಸ್ತಿ ತಗೊಂಡದ್ದು, ಆ ಪ್ರಶಸ್ತಿ ಬಂದ ಮೊದಲ ಕನ್ನಡ ಹಿನ್ನೆಲೆ ಗಾಯಕ ಅವರೇ ಅನ್ನೋದು, ಹೊಸನಗರ ತಾಲ್ಲೂಕಿನ ನಗರದಲ್ಲಿ ಹುಟ್ಟಿದ್ದು, ಎಲ್ಲಾ ಒಂದೊಂದಾಗಿ ಹೇಳ್ತಿದ್ದರು. ಅತ್ತೆ ಕುರ್ಚಿ ಎಳೆದು ಟಿವಿ ಹತ್ರ ಹಾಕ್ಕೊಂಡು ಕೂತರು. ಬಹಳ ಹೊತ್ತು ಸುಮ್ಮನಿದ್ದು, "ಅಯ್ಯೋ, ಇಷ್ಟು ವಯಸ್ಸಾಗಿತ್ತಾ ಇವರಿಗೆ?" ಅಂದ್ರು. ರೇಡಿಯೋದಲ್ಲಿ ಅವರಿಗೆ ವಯಸ್ಸೇ ಆಗಿರಲಿಲ್ಲ ನೋಡಿ. ನಲವತ್ತು ವರ್ಷ ಅತ್ತೆಯ ಅಡುಗೆಮನೆಯಲ್ಲಿದ್ದ ಆ ಮನುಷ್ಯನನ್ನ ಅವರು ಸರಿಯಾಗಿ ನೋಡಿದ್ದು ಅವತ್ತು, ಕೊನೆಗೆ. "ಊರಿಗೆ ಎಷ್ಟು ಸಲ ಬಂದು ಹಾಡಿ ಹೋದ್ರು. ಪ್ರತಿ ಸಲ ನಿಮ್ಮ ಮಾವ ಹೋಗಿ ಬಂದು, ಬಹಳ ಚೆನ್ನಾಗಿತ್ತು ಕಣೆ ಅಂತ ಊಟಕ್ಕೆ ಕೂತ್ಕೊಳ್ತಿದ್ದರು. ನಾನು ಬಡಿಸ್ತಿದ್ದೆ." ಇಷ್ಟೇ ಹೇಳಿದ್ದು. ಸಿಟ್ಟಲ್ಲಿ ಹೇಳಿದ್ದಲ್ಲ. ಸಿಟ್ಟಲ್ಲಿ ಹೇಳಿದ್ರೆ ನನಗೆ ಅಷ್ಟು ಚುಚ್ಚುತ್ತಿರಲಿಲ್ಲವೇನೋ.

ಈಗ ಅತ್ತೆಗೆ ಎಂಬತ್ತೊಂದು. ಎಡಗಿವಿ ಮಂದ. ಮಗ ತಂದುಕೊಟ್ಟ ಸ್ಪೀಕರಿನಲ್ಲಿ ಬೇಕಾದ ಹಾಡು ಬೇಕಾದಾಗ ಬರ್ತದೆ, ಆದ್ರೆ ಯಾರು ಬರೆದದ್ದು ಯಾರು ಹಾಡಿದ್ದು ಅಂತ ಅದು ಹೇಳಲ್ಲ, ಅದಕ್ಕೆ ಅತ್ತೆಗೆ ಅದರ ಮೇಲೆ ಸ್ವಲ್ಪ ಕೋಪ. ಯೂಟ್ಯೂಬಿನಲ್ಲಿ ಹಳೇ ಕಾರ್ಯಕ್ರಮ ಸಿಗ್ತದಲ್ಲ ಅಂತ ಮಕ್ಕಳು ಹೇಳ್ತಾರೆ. ಸಿಗ್ತದೆ, ಯಾರು ಇಲ್ಲ ಅಂದ್ರು. ಮದುವೆ ಊಟದ ಫೋಟೋ ನೋಡಿದ್ರೆ ಹೋಳಿಗೆಯ ರುಚಿ ಬರ್ತದಾ?

ಹೋದ ಚಳಿಗಾಲದಲ್ಲಿ ಊರಲ್ಲೊಂದು ಭಾವಗೀತೆ ಕಾರ್ಯಕ್ರಮ ಇತ್ತು. ದೊಡ್ಡ ಹೆಸರಿನವರಲ್ಲ, ಇಲ್ಲಿಯವರೇ ಹುಡುಗ ಹುಡುಗಿಯರು. ನಮ್ಮ ಬೀದಿಯಿಂದ ಐದು ಜನ ಹೆಂಗಸರು ಹೊರಟ್ವಿ. ಮಧ್ಯಾಹ್ನವೇ ಚಿತ್ರಾನ್ನ ಕಲಸಿಟ್ಟು, ಮೊಸರು ಫ್ರಿಜ್ಜಿನಲ್ಲಿದೆ, ಉಪ್ಪಿನಕಾಯಿ ಮೇಲಿನ ಕಪಾಟಿನಲ್ಲಿದೆ ಅಂತ ಎಲ್ಲರ ಮನೆಯಲ್ಲೂ ಒಂದೇ ಮಾತು. ಅತ್ತೆಯನ್ನ ಆಟೋದಲ್ಲಿ ಕೂರಿಸಿಕೊಂಡು ತುಂಗಾ ಸೇತುವೆ ದಾಟಿದ್ವಿ. ಮುಂದಿನ ಎರಡು ಸಾಲು ಗಣ್ಯರಿಗೆ ಅಂತ ಚೀಟಿ ಅಂಟಿಸಿದ್ದರು. ನಾವು ಹಿಂದೆ ಕೂತ್ವಿ. ದೀಪ ಹಚ್ಚಿ, ಭಾಷಣ ಮಾಡಿ, ಶಾಲು ಹೊದಿಸ್ಕೊಂಡು ಗಣ್ಯರು ಹೊರಟರು ನೋಡಿ, ನಾನು ಅತ್ತೆಯ ಕೈ ಹಿಡಿದು ನೇರ ಮೊದಲ ಸಾಲಿಗೆ ಕರ್ಕೊಂಡು ಹೋಗಿ ಕೂರಿಸಿದೆ. ಬಲಗಿವಿ ವೇದಿಕೆ ಕಡೆಗೆ ಬರೋ ಹಾಗೆ.

ಒಂದು ಹುಡುಗಿ ಹಾಡ್ತಿದ್ದಳು, ಹೊಸಬಳು, ಮೇಲಿನ ಸ್ವರಕ್ಕೆ ಹೋಗುವಾಗ ಸ್ವಲ್ಪ ಹೆದರ್ತಿದ್ದಳು. ಅತ್ತೆ ನನ್ನ ಕೈ ಅದುಮಿ, ಅವರಿಗೆ ಪಿಸುಮಾತು ಅಂತ ಅನ್ನಿಸೋ ದನಿಯಲ್ಲಿ, ಅಂದ್ರೆ ಮೂರು ಸಾಲಿಗೆ ಕೇಳೋ ಹಾಗೆ, "ಹಾಡೋದಕ್ಕೆ ಮುಂಚೆ ಉಸಿರು ತಗೊಳ್ಳೋದು ಕಾಣ್ತದೆ ಕಣೆ!" ಅಂದ್ರು. ಹುಡುಗಿಗೂ ಕೇಳಿಸ್ತು, ನಕ್ಕಳು. ಆಮೇಲೆ ಚೆನ್ನಾಗಿ ಹಾಡಿದಳು.

ಒಂಬತ್ತಕ್ಕೆ ಮನೆಗೆ ಬಂದಾಗ ಚಿತ್ರಾನ್ನ ಖಾಲಿ, ಪಾತ್ರೆ ಸಿಂಕಿನಲ್ಲಿ. ಪರವಾಗಿಲ್ಲ. ಮುಂದಿನ ಸಲಕ್ಕೆ ಆಟೋ ಸಾಲಲ್ಲ, ಕಾರೇ ಮಾಡೋಣ ಅಂತ ಮೂಲೆಮನೆ ಅಕ್ಕ ಹೇಳಿದ್ದಾರೆ. ಬರೋರು ಎರಡು ದಿನ ಮುಂಚೆ ನನಗೆ ಹೇಳಿ, ಅತ್ತೆಯ ಪಕ್ಕದ ಸೀಟು ಮಾತ್ರ ನನ್ನದು.