ಐದೋ, ಆರೋ?

ಬಣ್ಣದ ಪೆನ್ಸಿಲುಗಳನ್ನು ಇಟ್ಟುಕೊಳ್ಳಲು ಒಂದು ಬುಟ್ಟಿ ಬೇಕೆಂದು ಮೊಮ್ಮಗಳು ಹಟ ಹಿಡಿದಳು. ಮನೆಯಲ್ಲಿ ದಪ್ಪ ಹತ್ತಿಹುರಿಯ ಉಂಡೆಯೊಂದಿತ್ತು. ಕ್ರೋಶಾ ಕಡ್ಡಿ ಹಿಡಿದು ಕುಳಿತೆ. ವರ್ಷಗಟ್ಟಲೆ ಮಕ್ಕಳಿಗೆ ಕಲಿಸಿದ ವಿದ್ಯೆ, ತಳ ಹಾಕುವುದು ಎಷ್ಟರ ಕೆಲಸ ಎಂಬ ಧೈರ್ಯ! ಐದನೆಯ ಸುತ್ತಿಗೆ ಅಂಚು ಮೇಲೇಳತೊಡಗಿತು. ಹತ್ತನೆಯ ಸುತ್ತು ಮುಗಿಸಿ ನೆಲದ ಮೇಲಿಟ್ಟರೆ ಫ್ರಾಕಿನ ನಿರಿಗೆಯಂತೆ ಅಲೆಅಲೆಯಾಗಿ ನಿಂತಿತು. ಆ ಅಲೆಯನ್ನು ನಾನು ಹಿಂದೆಯೂ ಒಮ್ಮೆ ಕಂಡಿದ್ದೆ, ಯಾಪಲದಿನ್ನಿಯಲ್ಲಿ.

ತೆಲುಗಿನಲ್ಲಿ ಯಾಪ ಎಂದರೆ ಬೇವು. ದಿನ್ನಿ ಎಂದರೆ ದಿಬ್ಬ. ರಾಯಚೂರು ತಾಲ್ಲೂಕಿನ ಆ ಊರಿನಲ್ಲಿ 1980ರ ದಶಕದಲ್ಲಿ ನಾನು ಗಣಿತದ ಜೊತೆಗೆ ಹುಡುಗಿಯರಿಗೆ ಸೂಜಿಕೆಲಸವನ್ನೂ ಕಲಿಸುತ್ತಿದ್ದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎನ್ನುವ ಮಕ್ಕಳೇ ಬಹಳ. ಕೈಕೆಲಸದ ಪರೀಕ್ಷೆಗೆ ಬುಟ್ಟಿಯೊಂದನ್ನು ಹೆಣೆದು ತರಬೇಕೆಂದು ಹೇಳಿದ್ದೆ. ನೂಲುಂಡೆ ಕೊಳ್ಳಲಾಗದ ಒಬ್ಬ ಹುಡುಗಿ ಪುಂಡಿನಾರಿನ ಹುರಿಯನ್ನೇ ತಂದಿದ್ದಳು. ಪುಂಡಿಪಲ್ಲೆ ತಿಂದು ಬೆಳೆದವರಿಗೆ ಆ ಗಿಡದ ಪರಿಚಯ ಹೇಳಬೇಕಿಲ್ಲ. ಅದರ ಕಾಂಡವನ್ನು ನೀರಿನಲ್ಲಿ ಕೊಳೆಹಾಕಿ ನಾರು ಬಿಡಿಸಿ ಹಗ್ಗ ಹೊಸೆಯುತ್ತಿದ್ದರು. ಆ ದಪ್ಪ ಹುರಿಗೆ ಅಂಗಡಿಯ ಕಡ್ಡಿ ಸಾಲದೆಂದು ಅವಳ ಅಣ್ಣ ಬೇವಿನ ಕೊಂಬೆಯಿಂದ ಕೊಕ್ಕೆ ಕೆತ್ತಿಕೊಟ್ಟಿದ್ದ.

ನಾನು ಹೇಳಿಕೊಟ್ಟಿದ್ದ ಸೂತ್ರ ಪುಸ್ತಕದ್ದು. ಬಳೆಯಂತೆ ಸುತ್ತಿದ ಎಳೆಯೊಳಗೆ ಆರು ಗಿಡ್ಡ ಕಣ್ಣು. ಮುಂದೆ ಪ್ರತಿ ಸುತ್ತಿಗೂ ಆರಾರು ಹೆಚ್ಚಿಸುತ್ತ 12, 18, 24. ಕಡಿಮೆ ಹೆಚ್ಚಿಸಿದರೆ ತಳ ಬಟ್ಟಲಾಗುತ್ತದೆ, ಅತಿಯಾಗಿ ಹೆಚ್ಚಿಸಿದರೆ ಅಲೆ ಏಳುತ್ತದೆ. ಆ ಹುಡುಗಿಯ ತಳವನ್ನು ಎಣಿಸಿದರೆ 5, 10, 15! ನನಗೆ ಸಿಟ್ಟು ಬಂತು.

"ಐದೇ ಸಾಕ್ರೀ ಟೀಚರ್, ಆರು ಹಾಕಿದ್ರ ಅಲಿ ಅಲಿ ಆಗ್ತದ್ರೀ," ಎಂದಳು.

ತಳ ರೊಟ್ಟಿಯಂತೆ ಚಪ್ಪಟೆಯಾಗಿ ಮೇಜಿನ ಮೇಲೆ ಬಿದ್ದಿತ್ತು. ಅದನ್ನು ನಾನು ನೋಡಲೇ ಇಲ್ಲ, ಎಣಿಸಿದೆ ಅಷ್ಟೆ. ಎಲ್ಲರೆದುರು ಬಿಚ್ಚಿಸಿದೆ. ಅವಳು ಮರುಮಾತಾಡದೆ ಆರರ ಲೆಕ್ಕದಲ್ಲಿ ಮತ್ತೆ ಹೆಣೆದಳು. ಅಲೆ ಎದ್ದಿತು. "ಕೈ ಬಿಗಿ ಸರಿಯಿಲ್ಲ" ಎಂದು ಹತ್ತಕ್ಕೆ ನಾಲ್ಕು ಅಂಕ ಕೊಟ್ಟೆ. ಮುಂದಿನ ವರ್ಷ ಅವಳು ಶಾಲೆಗೆ ಬರಲಿಲ್ಲ. ಅದಕ್ಕೆ ಆ ನಾಲ್ಕು ಅಂಕವೇ ಕಾರಣವೆಂದು ಹೇಳಲಾರೆ. ಹತ್ತಿ ಬಿಡಿಸುವ ಕಾಲಕ್ಕೆ ಅನೇಕ ಹುಡುಗಿಯರು ಹಾಗೆಯೇ ಶಾಲೆ ಬಿಟ್ಟಿದ್ದರು. ಆದರೂ.

ಈಗ ಹಾಳಾದ ತಳವನ್ನು ಮುಂದಿಟ್ಟುಕೊಂಡು ಅಳತೆಪಟ್ಟಿ ತೆಗೆದೆ. ಅಂಚಿನ ಹತ್ತು ಕಣ್ಣುಗಳ ಅಗಲ 10 ಸೆಂ.ಮೀ. ಹತ್ತು ಸುತ್ತುಗಳ ಎತ್ತರ 8 ಸೆಂ.ಮೀ. ಮಾತ್ರ. ತ್ರಿಜ್ಯ ಒಂದು ಸೆಂ.ಮೀ. ಹೆಚ್ಚಿದರೆ ಪರಿಧಿ 6.28 ಸೆಂ.ಮೀ. ಹೆಚ್ಚುತ್ತದೆ ಎಂಬುದನ್ನು ನಿಮಗೆಲ್ಲ ನಾನೇ ಕಲಿಸಿದ್ದೆನಲ್ಲ? ಕಣ್ಣಿನ ಎತ್ತರವೂ ಅಗಲವೂ ಹೆಚ್ಚುಕಡಿಮೆ ಸಮನಾಗಿದ್ದರೆ ಸುತ್ತಿಗೆ ಆರು ಸರಿಹೋಗುತ್ತದೆ. ಉಳಿದ ಕಾಲುಭಾಗವನ್ನು ನೂಲು ಹೊಂದಿಸಿಕೊಳ್ಳುತ್ತದೆ. ಕಣ್ಣು ಕುಳ್ಳಾದರೆ ಸುತ್ತಿನ ಎತ್ತರ ತಗ್ಗುತ್ತದೆ, ಆಗ 6.28ರ ಹತ್ತರಲ್ಲಿ ಎಂಟು ಭಾಗ, ಅಂದರೆ ಐದೇ ಸಾಕು. ಕೊಕ್ಕೆಯನ್ನು ಹುರಿಯ ಮೇಲಿನಿಂದ ಹಾಯಿಸಿ ಬಿಗಿಯಾಗಿ ಎಳೆದರೆ ಕಣ್ಣು ಕುಳ್ಳಾಗುತ್ತದೆ. ಒರಟು ಹುರಿಗೆ ಅದೇ ಸುಲಭ, ತಳವೂ ಹಲಗೆಯಂತೆ ಗಟ್ಟಿ. ಅವಳು ಹಾಗೆಯೇ ಹೆಣೆಯುತ್ತಿದ್ದಳು. ಈಗ ನಾನೂ ಅರಿಯದೆ ಹಾಗೆಯೇ ಹೆಣೆದಿದ್ದೆ. ಒಳಗೊಂದು ಹಗ್ಗವನ್ನಿಟ್ಟು ಅದರ ಮೇಲೆ ಹೆಣೆದರೆ ಇದಕ್ಕೆ ವಿರುದ್ಧ: ಸುತ್ತು ಎತ್ತರವಾಗಿ ಆರಕ್ಕಿಂತ ಹೆಚ್ಚೇ ಬೇಕಾಗಬಹುದು. ಉದ್ದ ಕಣ್ಣಿನ ಹೆಣಿಗೆಗಂತೂ ಸುತ್ತಿಗೆ ಹನ್ನೆರಡು.

ಅಂದಹಾಗೆ, ನಾನು ಅಂಕ ಕಳೆದ ಆ ಅಲೆಯನ್ನು 1997ರಲ್ಲಿ ಲಾಟ್ವಿಯಾ ಮೂಲದ ಗಣಿತಜ್ಞೆ ಡೈನಾ ಟೈಮಿನಾ ಅವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಬೇಕೆಂದೇ ಹೆಣೆದರು. ಯೂಕ್ಲಿಡನ ನಿಯಮಕ್ಕೆ ಒಗ್ಗದ ಒಂದು ಬಗೆಯ ಜ್ಯಾಮಿತಿಯನ್ನು ವಿದ್ಯಾರ್ಥಿಗಳು ಮುಟ್ಟಿ ನೋಡಲೆಂದು!

ಎಲ್ಲವನ್ನೂ ಬಿಚ್ಚಿ ಐದರಿಂದ ಆರಂಭಿಸಿದೆ. ಹೆಚ್ಚಿಸುವ ಜಾಗ ಒಂದರ ಮೇಲೊಂದು ಬಂದರೆ ಮೂಲೆಗಳು ಮೂಡುತ್ತವೆ, ಆದ್ದರಿಂದ ಸುತ್ತಿನಿಂದ ಸುತ್ತಿಗೆ ಅದನ್ನು ಸರಿಸಿದೆ. ಒಂಬತ್ತು ಸುತ್ತಿಗೆ 45 ಕಣ್ಣು. ಅಡ್ಡಳತೆ ಸುಮಾರು 14 ಸೆಂ.ಮೀ. ಮುಂದಿನ ಸುತ್ತನ್ನು ಹೆಚ್ಚಿಸದೆ, ಕಣ್ಣಿನ ಹಿಂದಿನ ಎಳೆಯನ್ನು ಮಾತ್ರ ಹಿಡಿದು ಹೆಣೆದಾಗ ಗೋಡೆ ನೆಟ್ಟಗೆ ಎದ್ದಿತು. ಮೊಮ್ಮಗಳು ಪೆನ್ಸಿಲು ತುಂಬಿಸಿ ಅಲ್ಲಾಡಿಸಿ ನೋಡಿದಳು. ಬೀಳಲಿಲ್ಲ.

ಆಗಿನ ನನ್ನ ಯಾಪಲದಿನ್ನಿಯ ವಿದ್ಯಾರ್ಥಿನಿಯರು ಯಾರಾದರೂ ಇದನ್ನು ಓದುತ್ತಿದ್ದರೆ, ಬೇವಿನ ಕೊಕ್ಕೆಯ ಆ ಹುಡುಗಿ ಯಾರೆಂದು ನಿಮಗೆ ನೆನಪಿರುತ್ತದೆ. ಅವಳು ಈಗ ಎಲ್ಲಿದ್ದಾಳೆಂದು ನನಗೆ ತಿಳಿಸಿ. ಬುಟ್ಟಿಯನ್ನು ತೆಗೆದುಕೊಂಡು ಬಂದು ತೋರಿಸಬೇಕಾಗಿದೆ.